ಧಾರೆಗೆ ದಾಖಲೆ

ಹೊಳೆನರಸೀಪುರದ ಉಪನೋಂದಣಾಧಿಕಾರಿ ಕಚೇರಿಯೆದುರು ಪತ್ರ ಬರೆಯುವವನು ನಾನು. ನಮ್ಮಪ್ಪನ ಕಾಲದಲ್ಲಿ ಮದುವೆಗೆ ಪುರೋಹಿತರು, ಧಾರೆ ಕಂಡ ನೆಂಟರೇ ಸಾಕ್ಷಿ. ಅರಕಲಗೂಡಿನ ಹೆಣ್ಣು, ಚನ್ನರಾಯಪಟ್ಟಣದ ಗಂಡು ಅಂದರೆ ಎರಡೂರಿಗೂ ಗೊತ್ತು. 1955ರ ಹಿಂದೂ ವಿವಾಹ ಕಾಯ್ದೆ ನೋಂದಣಿಗೆ ದಾರಿ ಮಾಡಿದರೂ ಕೇಳಿ ಬಂದವರು ಕಮ್ಮಿ. ಆಮೇಲೆ ಕರ್ನಾಟಕದ 1976ರ ವಿವಾಹ ನೋಂದಣಿ ಕಾಯ್ದೆ ಬಂತು; 2006ರಲ್ಲಿ ಸುಪ್ರೀಂ ಕೋರ್ಟ್ ನೋಂದಣಿ ಕಡ್ಡಾಯವಾಗಬೇಕೆಂದಿತು. ಅತ್ತ ಅಮೆರಿಕ 1986ರಲ್ಲೇ ವಲಸೆಗಾಗಿ ಮಾಡುವ ಸುಳ್ಳು ಮದುವೆ ತಡೆಯಲು ಕಾನೂನು ಬಿಗಿ ಮಾಡಿ, ಹೊಸದಾಗಿ ಮದುವೆಯಾದ ವಿದೇಶಿ ಸಂಗಾತಿಗೆ ಮೊದಲು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡನ್ನಷ್ಟೇ ಕೊಡತೊಡಗಿತ್ತು. ಈಗ ಅಲ್ಲಿರುವ ಗಂಡನನ್ನು ಸೇರಲು ಹಾಸನದ ಹೆಣ್ಣುಮಕ್ಕಳೂ ಮುಂಬೈನ ಅಮೆರಿಕನ್ ಕಾನ್ಸುಲೇಟಿನ ವೀಸಾ ಸಂದರ್ಶನಕ್ಕೆ ವಿವಾಹ ಪ್ರಮಾಣಪತ್ರ, ಲಗ್ನಪತ್ರಿಕೆ, ಫೋಟೊ ಜೋಡಿಸಿಕೊಳ್ಳುತ್ತಾರೆ. ನನ್ನ ಮಾತಿಷ್ಟೆ: ಮದುವೆ ಮುಗಿದ ವಾರದಲ್ಲೇ ನೋಂದಣಿ ಮಾಡಿಸಿ, ಹೆಸರು, ಇನಿಷಿಯಲ್ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಲಿ.