ಶ್ಯೇನಶಾಸ್ತ್ರದಲ್ಲಿ ತೂಕ ಮತ್ತು ಗೆಜ್ಜೆ

ಭಾರತೀಯ ಶಾಸ್ತ್ರವಾಙ್ಮಯದಲ್ಲಿ ಗಜಶಾಸ್ತ್ರ, ಅಶ್ವಶಾಸ್ತ್ರಗಳಿಗೆ ದೊರೆತ ಮನ್ನಣೆ ಶ್ಯೇನಶಾಸ್ತ್ರಕ್ಕೆ ದೊರೆತಿಲ್ಲ. ಆನೆ ಕುದುರೆಗಳು ರಾಜ್ಯಾಂಗಕ್ಕೆ ಸೇರಿದವು. ಬೇಟೆಯ ಹಕ್ಕಿಯಾದರೋ ಅರಸನ ವಿನೋದಕ್ಕೆ ಮಾತ್ರ ಸೇರಿದುದು. ಜೈನಶ್ರಾವಕಾಚಾರದಲ್ಲಂತೂ ಮೃಗಯೆಯು ಸಪ್ತವ್ಯಸನಗಳಲ್ಲಿ ಒಂದೆಂದು ಸ್ಪಷ್ಟವಾಗಿ ನಿಷಿದ್ಧವಾಗಿದೆ. ಆದರೂ ತಮಗೆ ಸಮ್ಮತವಲ್ಲದ ಶಾಸ್ತ್ರಗಳನ್ನೂ ಕಟ್ಟಿಟ್ಟು ಕಾಪಾಡಿದ ಕೀರ್ತಿ ಜೈನಭಂಡಾರಗಳದು. ಗ್ರಂಥವನ್ನು ರಕ್ಷಿಸುವುದು ಬೇರೆ, ಅದರಲ್ಲಿ ಹೇಳಿದುದನ್ನು ಆಚರಿಸುವುದು ಬೇರೆ ಎಂಬ ವಿವೇಕವು ಅಲ್ಲಿ ಹಿಂದಿನಿಂದಲೂ ಇತ್ತು. ಅದೇ ವಿವೇಕದಿಂದ ಈ ಶಾಸ್ತ್ರವನ್ನು ಪರಿಶೀಲಿಸಿದರೆ ಹಸ್ತಪ್ರತಿಗಳ ಅಧ್ಯಯನಕ್ಕೆ ಸಂಬಂಧಿಸಿದ ಒಂದು ಗಹನವಾದ ಪ್ರಶ್ನೆ ಏಳುತ್ತದೆ: ಕೈಯ ಸ್ಪರ್ಶದಿಂದಲೂ ಕಿವಿಯ ಪರಿಚಯದಿಂದಲೂ ಮಾತ್ರ ತಿಳಿಯತಕ್ಕ ಕಲೆಯೊಂದು ಬರೆಹದಲ್ಲಿ ಎಷ್ಟರಮಟ್ಟಿಗೆ ಉಳಿಯಬಲ್ಲದು?

ಕನ್ನಡನಾಡಿಗೆ ಈ ವಿಷಯ ಹೊರಗಿನದಲ್ಲ. ಡೇಗೆ, ಗಿಡಗ, ಸಾಳುವ ಎಂಬ ಮಾತುಗಳು ನಮ್ಮ ಭಾಷೆಯಲ್ಲಿ ಬೇಟೆಯ ಹಕ್ಕಿಗಳನ್ನು ಹೇಳುತ್ತವೆ. 1485ರಲ್ಲಿ ವಿಜಯನಗರದ ಸಿಂಹಾಸನವನ್ನೇರಿದ ನರಸಿಂಹನ ವಂಶನಾಮವೂ ಈ ಸಾಳುವವೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ವೇಳೆಗೆ ರಚಿಸಿದ ಮಾನಸೋಲ್ಲಾಸದ ನಾಲ್ಕನೆಯ ವಿಂಶತಿಯಲ್ಲಿ ಇತರ ವಿನೋದಗಳೊಡನೆ ಶ್ಯೇನವಿನೋದವೂ ನಿರೂಪಿತವಾಗಿದೆ. ಅಭಿಲಷಿತಾರ್ಥಚಿಂತಾಮಣಿ ಎಂಬ ಇನ್ನೊಂದು ಹೆಸರಿನಿಂದ ಇದರ ಮೊದಲ ಭಾಗವನ್ನು ಆರ್. ಶಾಮಶಾಸ್ತ್ರಿಗಳು 1926ರಲ್ಲಿ ಮೈಸೂರಿನಿಂದ ಪ್ರಕಟಿಸಿದರು. ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಶ್ರೀಗೊಂಡೇಕರರ ಪರಿಷ್ಕರಣ 1925ರಿಂದ ಸಂಪುಟ ಸಂಪುಟವಾಗಿ ಹೊರಬಂದಿತು. ಹಕ್ಕಿಯಿಂದ ಬೇಟೆಯಾಡುವ ಪದ್ಧತಿಯನ್ನು ತುರುಷ್ಕರೇ ಈ ದೇಶಕ್ಕೆ ತಂದರೆಂದು ಕೆಲವೊಮ್ಮೆ ಹೇಳುವುದುಂಟು. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಆರಂಭವಾಗುವುದಕ್ಕೆ ಸುಮಾರು ಎಪ್ಪತ್ತೈದು ವರ್ಷ ಮೊದಲೇ ದಕ್ಷಿಣಾಪಥದ ಅರಸನೊಬ್ಬನು ಇದನ್ನು ರಾಜವಿನೋದಗಳ ಸಾಲಿನಲ್ಲಿ ಸೇರಿಸಿರುವಾಗ ಆ ಮಾತು ನಿಲ್ಲುವುದಿಲ್ಲ. ಹೊರಗಿನಿಂದ ಬಂದುದು ಕಲೆಯಲ್ಲ, ಹೆಸರುಗಳು. ಅದೂ ಬಹುಮಟ್ಟಿಗೆ ಉತ್ತರದಲ್ಲಿ.

ಈ ಹೆಸರುಗಳ ಸಮಸ್ಯೆ ಶ್ಯೈನಿಕಶಾಸ್ತ್ರದಲ್ಲಿ ಎದ್ದು ಕಾಣುತ್ತದೆ. ಅಕ್ಬರನ ಸಮಕಾಲೀನನಾದ ಕೂರ್ಮಾಚಲದ, ಎಂದರೆ ಕುಮಾವೂಂ ಪ್ರಾಂತದ, ಅರಸ ರುದ್ರದೇವನು ಸಂಸ್ಕೃತದಲ್ಲಿ ಬರೆದ ಏಳು ಪರಿಚ್ಛೇದಗಳ ಈ ಗ್ರಂಥವನ್ನು ಮಹಾಮಹೋಪಾಧ್ಯಾಯ ಹರಪ್ರಸಾದ ಶಾಸ್ತ್ರಿಗಳು 1910ರಲ್ಲಿ ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮೂಲಕ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಮೊದಲ ಪರಿಚ್ಛೇದಗಳಲ್ಲಿ ಕರ್ಮದ ವಿಚಾರ, ಹದಿನೆಂಟು ವ್ಯಸನಗಳ ವಿಚಾರ ಬಂದು, ಬೇಟೆಗೆ ಸಮರ್ಥನೆಯನ್ನು ಒದಗಿಸಿಕೊಂಡ ಬಳಿಕವೇ ಗ್ರಂಥಕಾರನು ಹಕ್ಕಿಗಳ ಕಡೆಗೆ ತಿರುಗುತ್ತಾನೆ. ಸಮರ್ಥನೆಯ ಈ ಅವಸರವೇ ಆ ಕಾಲದಲ್ಲಿಯೂ ಆಕ್ಷೇಪವಿದ್ದಿತೆಂಬುದಕ್ಕೆ ಸಾಕ್ಷಿಯೆನ್ನಬಹುದು. ಹಕ್ಕಿಗಳನ್ನು ಅವನು ಕೃಷ್ಣಾಕ್ಷ, ಪಾಟಲಾಕ್ಷ ಎಂದು ಕಣ್ಣಿನ ಬಣ್ಣದಿಂದ ಎರಡಾಗಿ ವಿಭಜಿಸುತ್ತಾನೆ. ಈ ವಿಭಾಗವು ಇಂದಿನ ಪಕ್ಷಿವಿಜ್ಞಾನಕ್ಕೂ ಬಹುಮಟ್ಟಿಗೆ ಒಪ್ಪುತ್ತದೆ: ಬೈರಿ ಮತ್ತು ಅದರ ಬಂಧುಗಳಿಗೆ ಕಪ್ಪು ಕಣ್ಣು, ಬಾಜ್ ಶಿಕ್ರಗಳ ಗಣಕ್ಕೆ ಹಳದಿಯಿಂದ ಕೆಂಪಿನವರೆಗಿನ ಕಣ್ಣು.

ಅವನು ಬಳಸುವ ‘ವಾಜ’ ಎಂಬ ಪದವನ್ನು ನೋಡಬೇಕು. ಸಂಸ್ಕೃತ ನಿಘಂಟನ್ನು ತೆರೆದವನಿಗೆ ವಾಜವೆಂದರೆ ಬಲ, ವೇಗ, ಬಾಣದ ಗರಿ, ವಾಜಿಯೆಂದರೆ ಕುದುರೆ. ಇಲ್ಲಿ ಅವೊಂದೂ ಹೊಂದುವುದಿಲ್ಲ. ಇದು ಪಾರಸಿಯ ‘ಬಾಜ್’ ಶಬ್ದವೇ. ಉತ್ತರದ ನಾಗರಿ ಪ್ರತಿಗಳಲ್ಲಿ ಬಕಾರ ವಕಾರಗಳಿಗೆ ಭೇದವೆಣಿಸದೆ ಬರೆಯುವ ರೂಢಿ ವ್ಯಾಪಕವಾಗಿದ್ದುದರಿಂದ ಬಾಜವು ವಾಜವಾಗುವುದಕ್ಕೆ ತಡೆಯೇ ಇರಲಿಲ್ಲ. ಈ ಎರಡು ಅಕ್ಷರಗಳನ್ನು ಬೇರೆಬೇರೆಯಾಗಿಯೇ ಬರೆಯುವ ಕನ್ನಡ ಲಿಪಿಯ ಪ್ರತಿಗಳಲ್ಲಿ ಪಳಗಿದ ಸಂಪಾದಕನು ಉತ್ತರದ ಪ್ರತಿಗಳನ್ನು ಕೈಗೆತ್ತಿಕೊಂಡಾಗ ಎಚ್ಚರವಿರಬೇಕಾದ ಸ್ಥಳವಿದು. ಅಮರಕೋಶದ ಪತ್ರೀ, ಶಶಾದನ ಮೊದಲಾದ ಪರ್ಯಾಯಗಳನ್ನು ಮಾತ್ರ ಕಲಿತವನಿಗೆ ಶ್ಯೈನಿಕಶಾಸ್ತ್ರ ಅರ್ಥವಾಗದು.

ಹೆಸರಿನ ತೊಡಕು ಹೀಗೆ ಬಿಡುತ್ತದೆ. ತೂಕದ ತೊಡಕು ಅಷ್ಟು ಸುಲಭವಲ್ಲ.

ಬೇಟೆಯ ಹಕ್ಕಿಯು ನಾಯಿಯಂತೆ ಒಡೆಯನ ಮೇಲಣ ಒಲವಿನಿಂದ ಮರಳಿ ಬರುವುದಲ್ಲ. ಹಸಿವಿನಿಂದಲೂ ಅವನ ಮುಷ್ಟಿಯಲ್ಲಿ ಮಾಂಸ ದೊರೆಯುವುದೆಂಬ ಅಭ್ಯಾಸದಿಂದಲೂ ಬರುತ್ತದೆ. ಹೊಟ್ಟೆ ತುಂಬಿ ಕೊಬ್ಬಿದ ಹಕ್ಕಿ ಮರದ ತುದಿಯಲ್ಲಿ ಕುಳಿತು ಕರೆಗೆ ಓಗೊಡದೆ ಕೊನೆಗೆ ಹಾರಿಹೋಗುತ್ತದೆ. ಅತಿಯಾಗಿ ಬಡವಾದ ಹಕ್ಕಿಗೆ ಬೆನ್ನಟ್ಟುವ ಬಲವಿರುವುದಿಲ್ಲ. ಸಣ್ಣ ಜಾತಿಗಳಲ್ಲಿ ಒಮ್ಮೆಲೆ ಸೆಳವು ಬಂದು ಪ್ರಾಣವೇ ಹೋಗುವುದುಂಟು. ಈ ಎರಡು ಅವಸ್ಥೆಗಳ ನಡುವಣ ಅಂತರ ಬಾಜ್‌ನಂತಹ ದೊಡ್ಡ ಹಕ್ಕಿಯಲ್ಲಿ ಕೆಲವು ತೊಲೆಗಳಷ್ಟಿರಬಹುದು. ಶಿಕ್ರದಲ್ಲಿ ಕೆಲವೇ ಗ್ರಾಂಗಳು. ನಡುವಿನ ಹದವನ್ನು ಉತ್ತರದ ಸಾಕಣೆಗಾರರು ‘ಯಾರಕ್’ ಎಂದು ಕರೆಯುತ್ತಿದ್ದರು. ತಕ್ಕಡಿಯಿಲ್ಲದ ಕಾಲದಲ್ಲಿ ಇದರ ಪರೀಕ್ಷೆ ಬೆರಳುಗಳಿಂದ ನಡೆಯುತ್ತಿತ್ತು. ಎದೆಯ ನಡುಮೂಳೆಯ ಎರಡೂ ಬದಿಗಳಲ್ಲಿ ಮಾಂಸ ಎಷ್ಟು ತುಂಬಿದೆ, ಮೂಳೆಯ ಅಂಚು ಎಷ್ಟು ಚೂಪಾಗಿ ಕೈಗೆ ಹತ್ತುತ್ತದೆ ಎಂಬುದನ್ನು ನಿತ್ಯವೂ ಸವರಿ ನೋಡಬೇಕು. ಹಿಕ್ಕೆಯ ಬಣ್ಣವನ್ನು ನೋಡಬೇಕು. ಹಸಿರುಗೂಡಿದರೆ ಹೊಟ್ಟೆ ಬರಿದಾಗಿದೆಯೆಂದು ಅರ್ಥ. ಹಿಂದಿನ ದಿನ ನುಂಗಿದ ಗರಿ ರೋಮಗಳ ಉಂಡೆಯನ್ನು ಬೆಳಿಗ್ಗೆ ಕಕ್ಕಿತೇ ಇಲ್ಲವೇ ಎಂದು ನೋಡದೆ ಹೊಸ ಆಹಾರ ಕೊಡಲಾಗದು. ಹಕ್ಕಿಯನ್ನು ಉಪವಾಸ ಕೆಡವದೆ ಇಳಿಸಬೇಕಾದರೆ ಮಾಂಸವನ್ನು ನೀರಿನಲ್ಲಿ ನೆನೆಸಿ ಹಿಂಡಿ ಕೊಡುವ ಉಪಾಯವಿತ್ತು. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಇದರ ಮೇಲೆ ಋತುಭೇದ ಬೇರೆ. ಚಳಿಯಲ್ಲಿ ಹೆಚ್ಚು ಬೇಕು. ಗರಿಯುದುರುವ ಕಾಲದಲ್ಲಿ ಹಕ್ಕಿಯನ್ನು ಬೇಟೆಗೆ ಬಿಡದೆ ಯಥೇಷ್ಟವಾಗಿ ಉಣಿಸಬೇಕು, ಇಲ್ಲವಾದರೆ ಹೊಸ ಗರಿಯಲ್ಲಿ ಹಸಿವಿನ ಗೆರೆ ಮೂಡಿ ಅಲ್ಲಿಯೇ ಮುರಿಯುತ್ತದೆ. ರುದ್ರದೇವನು ಒಂದು ಇಡೀ ಪರಿಚ್ಛೇದವನ್ನು ಋತುಚರ್ಯೆ, ಆಹಾರ, ಚಿಕಿತ್ಸೆಗಳಿಗೆ ಮೀಸಲಿಟ್ಟಿರುವುದಕ್ಕೆ ಕಾರಣವಿದೇ. ಆದರೆ ಬೆರಳಿಗೆ ಮೂಳೆ ಎಷ್ಟು ಹತ್ತಿದರೆ ಸರಿ ಎಂಬುದನ್ನು ಯಾವ ಶ್ಲೋಕವೂ ಹೇಳಲಾರದು. ಅದು ಗುರುವಿನ ಪಕ್ಕದಲ್ಲಿ ನಿಂತು ಕಲಿಯಬೇಕಾದುದು.

ಅಂಕಿಗಳಿಂದ ಮಾತನಾಡುವ ಒಂದು ಅಪೂರ್ವ ಆಕರವೆಂದರೆ ಅಬುಲ್ ಫಜಲನ ಐನ್-ಇ-ಅಕ್ಬರಿ. ಅರಮನೆಯ ಹಕ್ಕಿಗಳಿಗೆ ನಿಗದಿಯಾದ ಆಹಾರವನ್ನು ಅಲ್ಲಿ ದಾಮ್ ತೂಕದಲ್ಲಿ ಕೊಡಲಾಗಿದೆ. ಬಾಜ್‌ಗೆ, ಎಂದರೆ ಹೆಣ್ಣು ಹಕ್ಕಿಗೆ, 7 ದಾಮ್; ಅದರ ಗಂಡಾದ ಜುರ್ರಾಕ್ಕೆ 6; ಬಹರಿ, ಲಾಚೀನ್‌ಗಳಿಗೆ 5; ಬಾಶಾಕ್ಕೆ 3; ಶಿಕ್ರ, ಬೆಸರಾ ಮುಂತಾದವುಗಳಿಗೆ 2. ಕಾಶ್ಮೀರದಲ್ಲಿಯೂ ಇತರರ ಮನೆಗಳಲ್ಲಿಯೂ ದಿನಕ್ಕೊಮ್ಮೆ, ಅರಮನೆಯಲ್ಲಿ ಮಾತ್ರ ಎರಡು ಹೊತ್ತು. ದಿನದ ಕೊನೆಯಲ್ಲಿ ಬಾಜ್, ಜುರ್ರಾ, ಬಹರಿಗಳಿಗೆ ಏಳೇಳು ಗುಬ್ಬಚ್ಚಿಗಳು, ಲಾಚೀನ್‌ಗೆ ಐದು, ಬಾಶಾಕ್ಕೆ ಮೂರು. ದಾಮ್ ನಾಣ್ಯದ ತೂಕ ಸುಮಾರು 21 ಗ್ರಾಂ. ಹಾಗಾದರೆ ಬಾಜ್‌ನ ಪಾಲು ಸುಮಾರು 147 ಗ್ರಾಂ, ಬಾಶಾದ್ದು 63, ಶಿಕ್ರದ್ದು 42. ಹೆಣ್ಣು ಬಾಜ್‌ನ ಮೈತೂಕ ಒಂದು ಕಿಲೋಗ್ರಾಂಗಿಂತ ತುಸು ಹೆಚ್ಚು. ಬಾಶಾದ್ದು ಸುಮಾರು 250 ಗ್ರಾಂ. ದೊಡ್ಡ ಹಕ್ಕಿಗೆ ಮೈತೂಕದ ಎಂಟನೆಯ ಒಂದು ಪಾಲು ಸಾಕಾದರೆ ಸಣ್ಣದಕ್ಕೆ ನಾಲ್ಕನೆಯ ಒಂದು ಪಾಲು ಬೇಕೆಂದು ಇದರಿಂದ ಏರ್ಪಡುತ್ತದೆ. ಸಣ್ಣ ದೇಹವು ತನ್ನ ಶಾಖವನ್ನು ಬೇಗ ಕಳೆದುಕೊಂಡು ಹೆಚ್ಚು ಆಹಾರವನ್ನು ಬೇಡುತ್ತದೆಂಬ ಶರೀರಶಾಸ್ತ್ರದ ತತ್ತ್ವ ಅರಮನೆಯ ಕರಣಿಕನ ಲೆಕ್ಕದಲ್ಲಿ ಆಗಲೇ ಅಡಗಿತ್ತು. ಗುಬ್ಬಚ್ಚಿಗಳನ್ನೂ ಕೂಡಿಸಿದರೆ ಈ ಪ್ರಮಾಣ ಬೇಟೆಗೆ ಹೊರಡುವ ಹಕ್ಕಿಗೆ ಅತಿಯಾಗುತ್ತದೆ. ಆದ್ದರಿಂದ ಇದು ಭಂಡಾರದಿಂದ ಕೊಡತಕ್ಕ ಗರಿಷ್ಠ ಪಡಿಯೇ ಹೊರತು ಸಾಕಣೆಗಾರನು ಬೇಟೆಯ ಮುನ್ನಾದಿನ ಉಣಿಸುತ್ತಿದ್ದ ಅಳತೆಯಲ್ಲವೆಂದು ಊಹಿಸುವುದು ಯುಕ್ತ. ಲೆಕ್ಕದ ಪುಸ್ತಕವನ್ನು ಶಾಸ್ತ್ರವೆಂದು ಓದಬಾರದು.

ಇದೇ ಗ್ರಂಥವು ಆ ಕಾಲದ ವಿದ್ವಾಂಸರ ಪಟ್ಟಿಯ ಪ್ರಥಮ ಶ್ರೇಣಿಯಲ್ಲಿ ‘ಹರಿಜೀ ಸೂರ್’ ಎಂಬ ಹೆಸರನ್ನು ನಮೂದಿಸುತ್ತದೆ. ಇವರು 1583ರಲ್ಲಿ ಫತೇಪುರ ಸೀಕ್ರಿಗೆ ಬಂದ ಹೀರವಿಜಯಸೂರಿಗಳು. ಅವರ ಬೋಧೆಯಿಂದ ಅಕ್ಬರನು ಪಂಜರದ ಹಕ್ಕಿಗಳನ್ನು ಬಿಡಿಸಿದನೆಂದೂ ಪರ್ಯುಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಲ್ಲಿಸಿದನೆಂದೂ ಜೈನಪರಂಪರೆಯ ಕೃತಿಗಳು ಹೇಳುತ್ತವೆ. ಹಕ್ಕಿಯ ಪಡಿಯಾದ ಏಳು ಗುಬ್ಬಚ್ಚಿಗಳೂ ಹಕ್ಕಿಗಳಿಗೆ ಅಭಯ ಬೇಡಿದ ಮುನಿಯ ಹೆಸರೂ ಒಂದೇ ಗ್ರಂಥದ ರಟ್ಟಿನೊಳಗೆ ಬಂದು ಕುಳಿತಿವೆ.

ಇನ್ನು ಗೆಜ್ಜೆ. ತೂಕದ ಹದ ತಪ್ಪಿದಾಗಲೂ, ತಪ್ಪದೆ ಹಕ್ಕಿ ಬೇಟೆಯನ್ನು ಹಿಡಿದು ಪೊದೆಯೊಳಗೆ ಮರೆಯಾದಾಗಲೂ ಅದನ್ನು ಹುಡುಕಲು ಇದ್ದ ಸಾಧನ ಇದೊಂದೇ. ತೆಳುವಾದ ಚರ್ಮದ ಪಟ್ಟಿಯಿಂದ ಕಾಲಿಗೆ, ಬಾಜ್ ಜಾತಿಗೆ ಬಾಲದ ನಡುಗರಿಗಳಿಗೂ, ಇದನ್ನು ಕಟ್ಟುತ್ತಿದ್ದರು. ಹಿಡಿದ ಬೇಟೆಯನ್ನು ಹಕ್ಕಿ ಕಿತ್ತು ತಿನ್ನುವಾಗ ಗೆಜ್ಜೆ ಮೆಲ್ಲನೆ ಉಲಿಯುತ್ತದೆ. 1486ರಲ್ಲಿ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನಲ್ಲಿ ಅಚ್ಚಾದ ಗ್ರಂಥವೊಂದು ಎರಡು ಗೆಜ್ಜೆಗಳೂ ಒಂದೇ ತೂಕದವಾಗಿರಬೇಕು, ಆದರೆ ಒಂದರ ನಾದ ಇನ್ನೊಂದಕ್ಕಿಂತ ಅರ್ಧಸ್ವರ ತಗ್ಗಿರಬೇಕು ಎನ್ನುತ್ತದೆ. ಕೂಡದ ಎರಡು ಸ್ವರಗಳು ಒಟ್ಟಿಗೆ ಉಲಿದಾಗ ಗಾಳಿಯ ಸದ್ದಿನಿಂದ ಬೇರ್ಪಟ್ಟು ಕಿವಿಗೆ ಬೀಳುತ್ತವೆ. ಮಿಲಾನಿನ ಗೆಜ್ಜೆಗಳು ಯುರೋಪಿನಲ್ಲಿ ಹೆಸರಾಗಿದ್ದಂತೆ ಮುಂದೆ ಲಾಹೋರಿನ ಹಿತ್ತಾಳೆಯ ಗೆಜ್ಜೆಗಳು ದೇಶದೇಶಗಳಲ್ಲಿ ಬೇಡಿಕೆ ಗಳಿಸಿದವು. ಕಾಲ್ಪಟ್ಟಿಯ ತುದಿಯಲ್ಲಿ ಒಡೆಯನ ಹೆಸರು ಕೆತ್ತಿದ ಸಣ್ಣ ಉಂಗುರವನ್ನು ಸೇರಿಸುವ ರೂಢಿ ಯುರೋಪಿನಲ್ಲಿತ್ತು. ಕಳೆದ ಹಕ್ಕಿಯನ್ನು ಕಂಡವನು ತಂದೊಪ್ಪಿಸಲೆಂದು.

ಈ ಪಟ್ಟಿ, ಗಂಟು, ಗೆಜ್ಜೆಗಳ ವಿಷಯದಲ್ಲಿ ಚಿತ್ರವಿಲ್ಲದ ಪ್ರತಿ ಕುರುಡು. ಚಕ್ರವರ್ತಿ ಎರಡನೆಯ ಫ್ರೆಡರಿಕನ ಲ್ಯಾಟಿನ್ ಗ್ರಂಥದ ಭಾಗ್ಯ ಬೇರೆ. ಅವನ ಸ್ವಂತ ಪ್ರತಿ 1248ರಲ್ಲಿ ಪಾರ್ಮಾ ಮುತ್ತಿಗೆಯ ಸೋಲಿನಲ್ಲಿ ಕೈಬಿಟ್ಟುಹೋಯಿತು. ಮಗ ಮಾನ್‌ಫ್ರೆಡನು ಮಾಡಿಸಿದ ಪ್ರತಿ ವ್ಯಾಟಿಕನ್ ಗ್ರಂಥಾಲಯದಲ್ಲಿ ಉಳಿದಿದೆ. ತಾನು ಸೇರಿಸಿದ ಮಾತುಗಳಿಗೆ ಮಾನ್‌ಫ್ರೆಡನು ‘ರೆಕ್ಸ್’, ಎಂದರೆ ಅರಸ, ಎಂಬ ಗುರುತು ಹಾಕಿಸಿರುವುದರಿಂದ ತಂದೆಯ ಪಾಠವನ್ನೂ ಮಗನ ಪಾಠವನ್ನೂ ಬೇರ್ಪಡಿಸಬಹುದು. ಇಂತಹ ಪ್ರಾಮಾಣಿಕತೆ ಪ್ರತಿಕಾರರಲ್ಲಿ ವಿರಳ. ಅದರ ಅಂಚುಗಳ ತುಂಬ ಇರುವ ಚಿತ್ರಗಳಲ್ಲಿ ಹಕ್ಕಿಯನ್ನು ಕೈಮೇಲೆ ಹೊತ್ತ ಸಾಕಣೆಗಾರರೂ ಅವರ ಪರಿಕರಗಳೂ ಕಾಣುತ್ತವೆ. ಶ್ಯೈನಿಕಶಾಸ್ತ್ರದ ಓದುಗನಿಗೆ ಅಂತಹ ಆಸರೆಯಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಗೆಜ್ಜೆಯ ಪಕ್ಕಕ್ಕೆ ರೇಡಿಯೋ ಪ್ರೇಷಕ ಬಂದಿತು. ಕಾಡುಪ್ರಾಣಿಗಳ ಜಾಡು ಹಿಡಿಯಲು ಕಾಕ್ರನ್ ಮತ್ತು ಲಾರ್ಡ್ ಎಂಬ ಅಮೆರಿಕದ ಸಂಶೋಧಕರು ಇದರ ವಿಧಾನವನ್ನು 1963ರಲ್ಲಿ ಪ್ರಕಟಿಸಿದರು; ಹಕ್ಕಿ ಸಾಕುವವರು ಅದನ್ನು ಬೇಗನೆ ತಮ್ಮದಾಗಿಸಿಕೊಂಡರು, ಈಗ ಉಪಗ್ರಹಗಳ ನೆರವಿನಿಂದ ಸ್ಥಳವನ್ನೇ ತಿಳಿಸುವ ಸಾಧನಗಳೂ ಬಂದಿವೆ. ಸಾಧನ ಮೈತೂಕದ ನೂರಕ್ಕೆ ಮೂರು ಪಾಲನ್ನು ಮೀರಬಾರದೆಂಬುದು ಸಾಮಾನ್ಯ ನಿಯಮ. ಗೆಜ್ಜೆ ಹಕ್ಕಿಯ ಶಕ್ತಿಗೆ ಭಾರವಾಗಬಾರದೆಂದು ಸೇಂಟ್ ಆಲ್ಬನ್ಸ್ ಗ್ರಂಥ ಹೇಳಿದುದೂ ಇದನ್ನೇ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಹಕ್ಕಿಯ ಬೇಟೆಗೆ ಎಡೆಯಿಲ್ಲ. ಜಾಡು ಹಿಡಿಯುವ ಸಾಧನ ಮಾತ್ರ ಬೇರೊಂದು ಕಾರ್ಯಕ್ಕೆ ಒದಗಿತು. 2013ರ ನವೆಂಬರಿನಲ್ಲಿ ನಾಗಾಲ್ಯಾಂಡಿನ ಪಾಂಗ್ತಿಯ ಬಳಿ ಮೂರು ಅಮೂರ್ ಡೇಗೆಗಳ ಬೆನ್ನಿಗೆ 5 ಗ್ರಾಂ ತೂಕದ ಉಪಗ್ರಹ ಪ್ರೇಷಕಗಳನ್ನು ಕಟ್ಟಿ ಬಿಡಲಾಯಿತು. ಹಿಂದಿನ ವರ್ಷ ಅಲ್ಲಿ ಅಸಂಖ್ಯಾತವಾಗಿ ಬಲೆಗೆ ಬಿದ್ದು ಸಾಯುತ್ತಿದ್ದ ಹಕ್ಕಿಗಳಿವು. ಅವು ಅರಬ್ಬಿ ಸಮುದ್ರವನ್ನು ದಾಟಿ ಆಫ್ರಿಕೆಯ ಕಡೆಗೆ ಹೋದ ದಾರಿ ದಿನದಿನವೂ ನಕ್ಷೆಯ ಮೇಲೆ ದಾಖಲಾಯಿತು.