ಪ್ರಶ್ನಾಂಶ ವಿಶ್ಲೇಷಣೆ

ಪ್ರಶ್ನಾಂಶ ವಿಶ್ಲೇಷಣೆಯು ಪರೀಕ್ಷೆ ಬರೆದವರ ಉತ್ತರಗಳನ್ನು ಆಧರಿಸಿ ಪ್ರತಿಯೊಂದು ಬಹು ಆಯ್ಕೆ ಪ್ರಶ್ನೆಯ ಗುಣಮಟ್ಟವನ್ನು ಅಳೆಯುವ ಸಂಖ್ಯಾಶಾಸ್ತ್ರೀಯ ವಿಧಾನವಾಗಿದೆ. ಇಲ್ಲಿ ಪರೀಕ್ಷೆಗೆ ಒಳಗಾಗುವುದು ವಿದ್ಯಾರ್ಥಿಯಲ್ಲ, ಪ್ರಶ್ನೆ. ಪ್ರಶ್ನೆಕೋಶ ರಚನೆಯಲ್ಲಿಯೂ ಅಣಕು ಪರೀಕ್ಷೆಗಳ ಪರಿಷ್ಕರಣೆಯಲ್ಲಿಯೂ ಇದು ಉಪಯುಕ್ತ.

ವಿಧಾನ

ಉತ್ತರಪತ್ರಿಕೆಗಳನ್ನು ಒಟ್ಟು ಅಂಕಗಳ ಇಳಿಕೆ ಕ್ರಮದಲ್ಲಿ ಜೋಡಿಸಿ, ಮೇಲಿನ ಮತ್ತು ಕೆಳಗಿನ ಶೇ. 27ರಷ್ಟನ್ನು ಎರಡು ಗುಂಪುಗಳಾಗಿ ತೆಗೆದುಕೊಳ್ಳಲಾಗುತ್ತದೆ. ಈ ಪ್ರಮಾಣವನ್ನು 1939ರಲ್ಲಿ ಅಮೆರಿಕದ ಟ್ರೂಮನ್ ಕೆಲ್ಲಿ ಸಮರ್ಥಿಸಿದರು. ಬಳಿಕ ಮೂರು ಅಂಶಗಳನ್ನು ಪರಿಶೀಲಿಸಲಾಗುತ್ತದೆ.

ಕಠಿಣತೆಯ ಸೂಚ್ಯಂಕ: ಸರಿಯುತ್ತರ ನೀಡಿದವರ ಪ್ರಮಾಣ. ಹೆಸರಿಗೆ ವ್ಯತಿರಿಕ್ತವಾಗಿ, ಇದು ಹೆಚ್ಚಾದಷ್ಟೂ ಪ್ರಶ್ನೆ ಸುಲಭ. ಸಾಮಾನ್ಯವಾಗಿ 0.30ರಿಂದ 0.70ರವರೆಗಿನ ಮೌಲ್ಯವನ್ನು ಒಪ್ಪಲಾಗುತ್ತದೆ.

ತಾರತಮ್ಯ ಸೂಚ್ಯಂಕ: ಎರಡೂ ಗುಂಪುಗಳ ಸರಿಯುತ್ತರಗಳ ವ್ಯತ್ಯಾಸವನ್ನು ಒಂದು ಗುಂಪಿನ ಸಂಖ್ಯೆಯಿಂದ ಭಾಗಿಸಿದಾಗ ದೊರೆಯುವ ಮೌಲ್ಯ. ರಾಬರ್ಟ್ ಎಬೆಲ್ ಅವರ ಮಾನದಂಡದಂತೆ 0.40 ಮತ್ತು ಹೆಚ್ಚಿನದು ಉತ್ತಮ, 0.20ಕ್ಕಿಂತ ಕಡಿಮೆಯಿದ್ದರೆ ಪ್ರಶ್ನೆಯನ್ನು ತಿದ್ದಬೇಕು ಅಥವಾ ಕೈಬಿಡಬೇಕು. ಮೌಲ್ಯ ಋಣಾತ್ಮಕವಾಗಿದ್ದರೆ ಪ್ರಶ್ನೆಯ ಭಾಷೆ ದ್ವಂದ್ವಾರ್ಥದ್ದಾಗಿರಬಹುದು ಅಥವಾ ಕೀಲಿ ಉತ್ತರವೇ ತಪ್ಪಿರಬಹುದು.

ವಿಕರ್ಷಕಗಳ ದಕ್ಷತೆ: ತಪ್ಪು ಆಯ್ಕೆಗಳಿಗೆ ವಿಕರ್ಷಕಗಳೆಂದು ಹೆಸರು. ಶೇ. 5ಕ್ಕಿಂತ ಕಡಿಮೆ ಜನ ಆರಿಸಿದ ವಿಕರ್ಷಕವನ್ನು ನಿಷ್ಕ್ರಿಯವೆಂದು ಪರಿಗಣಿಸಲಾಗುತ್ತದೆ.

ಉದಾಹರಣೆ

ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಗೆ ಹೆಸರಾದ ಧಾರವಾಡದಲ್ಲಿ 100 ಅಭ್ಯರ್ಥಿಗಳು ಬರೆದ ಅಣಕು ಪರೀಕ್ಷೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಪ್ರಶ್ನೆ: ದ. ರಾ. ಬೇಂದ್ರೆಯವರಿಗೆ ಜ್ಞಾನಪೀಠ ಪ್ರಶಸ್ತಿ ತಂದ ಕೃತಿ ಯಾವುದು?

ಆಯ್ಕೆ: ಮೇಲಿನ 27 ಜನ / ಕೆಳಗಿನ 27 ಜನ
ನಾಕುತಂತಿ (ಸರಿಯುತ್ತರ): 24 / 9
ಅರಳು ಮರಳು: 3 / 11
ಗರಿ: 0 / 7
ಮಲೆಗಳಲ್ಲಿ ಮದುಮಗಳು: 0 / 0

ಕಠಿಣತೆಯ ಸೂಚ್ಯಂಕ 33 ÷ 54 = 0.61; ತಾರತಮ್ಯ ಸೂಚ್ಯಂಕ 15 ÷ 27 = 0.56. ಆದ್ದರಿಂದ ಪ್ರಶ್ನೆ ಉತ್ತಮವಾಗಿದೆ. ‘ಅರಳು ಮರಳು’ ಬೇಂದ್ರೆಯವರಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಕೃತಿಯಾದುದರಿಂದ ಅರೆಬರೆ ತಿಳಿದವರನ್ನು ಸೆಳೆದಿದೆ. ಕೊನೆಯದು ಕುವೆಂಪು ಅವರ ಕಾದಂಬರಿಯಾದುದರಿಂದ ಯಾರನ್ನೂ ಸೆಳೆದಿಲ್ಲ. ಅದರ ಬದಲು ಬೇಂದ್ರೆಯವರದೇ ‘ನಾದಲೀಲೆ’ಯನ್ನು ಇಡಬಹುದು.

ಕರ್ನಾಟಕದಲ್ಲಿ ಮಹತ್ವ

ಕೋವಿಡ್ ಕಾರಣದಿಂದ 2021ರ ಜುಲೈ 19 ಮತ್ತು 22ರಂದು ನಡೆದ ಎಸ್ಸೆಸ್ಸೆಲ್ಸಿ ಪರೀಕ್ಷೆಯು ಸಂಪೂರ್ಣವಾಗಿ ಬಹು ಆಯ್ಕೆ ಮಾದರಿಯಲ್ಲಿದ್ದು, ಓಎಂಆರ್ ಹಾಳೆಯಲ್ಲಿ ಉತ್ತರಿಸಬೇಕಾಗಿತ್ತು. ವೃತ್ತಿಪರ ಕೋರ್ಸುಗಳ ಪ್ರವೇಶಕ್ಕೆ ನಡೆಯುವ ಸಿಇಟಿಯೂ ಇದೇ ಮಾದರಿಯದು. ಇಂಥ ಪರೀಕ್ಷೆಗಳಲ್ಲಿ ಒಂದು ದೋಷಪೂರಿತ ಪ್ರಶ್ನೆಯೂ ರ‍್ಯಾಂಕನ್ನು, ತನ್ಮೂಲಕ ಸೀಟನ್ನು ಬದಲಿಸಬಲ್ಲದು.

ಮಿತಿಗಳು

ಸಣ್ಣ ತರಗತಿಗಳಲ್ಲಿ ಒಬ್ಬಿಬ್ಬರ ಉತ್ತರದಿಂದಲೇ ಸೂಚ್ಯಂಕಗಳು ಏರುಪೇರಾಗುತ್ತವೆ. ಪ್ರಶ್ನೆಯು ಪಠ್ಯಕ್ರಮಕ್ಕೆ ಸೇರಿದೆಯೇ ಎಂಬುದನ್ನು ಅಂಕಿಗಳು ಹೇಳಲಾರವು. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನವೆಂದು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಅಂಥ ದೋಷವನ್ನು ಗುರುತಿಸಲು ಪರೀಕ್ಷೆಗೆ ಮುನ್ನವೇ ವಿಷಯತಜ್ಞರ ಪರಿಶೀಲನೆ ಅಗತ್ಯ.