ಯುದ್ಧಕಾಲದ ಸಮ್ಮಿಶ್ರ ಸರ್ಕಾರದಲ್ಲಿ ನಾಯಕತ್ವ ಮತ್ತು ನಿರ್ಣಯ: ಬ್ರಿಟನ್, 1940-45

ಯುದ್ಧಕಾಲದ ಸರ್ಕಾರಗಳ ಚರಿತ್ರೆ ಬಹುಮಟ್ಟಿಗೆ ನಾಯಕರ ಚರಿತ್ರೆಯಾಗಿಯೇ ರಚಿತವಾಗಿದೆ. 1940ರಿಂದ 1945ರವರೆಗೆ ಬ್ರಿಟನ್ನನ್ನು ಆಳಿದ ಸಮ್ಮಿಶ್ರ ಸರ್ಕಾರವೂ ಚರ್ಚಿಲ್ಲರ ಸರ್ಕಾರವೆಂದೇ ಪ್ರಸಿದ್ಧ. ಆದರೆ ನಿರ್ಣಯಗಳು ಯಾವ ಮೇಜಿನ ಸುತ್ತ ರೂಪುಗೊಂಡವು, ಅಲ್ಲಿ ಯಾರಿಗೆ ಸ್ಥಾನವಿತ್ತು, ಯಾರಿಗೆ ಇರಲಿಲ್ಲ ಎಂಬ ಪ್ರಶ್ನೆಗಳನ್ನು ಎತ್ತಿಕೊಂಡಾಗ ಬೇರೊಂದು ಚಿತ್ರ ಮೂಡುತ್ತದೆ. ಅದನ್ನು ಸಂಗ್ರಹವಾಗಿ ಪರಿಶೀಲಿಸುವುದು ಇಲ್ಲಿಯ ಉದ್ದೇಶ.

1940ರ ಮೇ 8ರಂದು ನಾರ್ವೆಯ ವೈಫಲ್ಯವನ್ನು ಕುರಿತ ಚರ್ಚೆಯ ಕೊನೆಯಲ್ಲಿ ಚೇಂಬರ್ಲೇನರ ಬಹುಮತ 81ಕ್ಕೆ ಕುಸಿಯಿತು. ಅವರ ನೇತೃತ್ವದ ಸರ್ಕಾರವನ್ನು ಸೇರಲು ಲೇಬರ್ ಪಕ್ಷ ಒಪ್ಪಲಿಲ್ಲ. ಮೇ 10ರಂದು ಚರ್ಚಿಲ್ ಪ್ರಧಾನಿಯಾದರು. ಅವರು ರಚಿಸಿದ ಯುದ್ಧಸಂಪುಟದಲ್ಲಿದ್ದವರು ಐವರು: ಕನ್ಸರ್ವೇಟಿವ್ ಪಕ್ಷದಿಂದ ಚರ್ಚಿಲ್, ಚೇಂಬರ್ಲೇನ್, ಹ್ಯಾಲಿಫ್ಯಾಕ್ಸ್, ಲೇಬರ್ ಪಕ್ಷದಿಂದ ಅಟ್ಲಿ, ಗ್ರೀನ್‌ವುಡ್. ಚರ್ಚಿಲ್ ಆಗ ಪ್ರಧಾನಿಯಾಗಿದ್ದರೇ ಹೊರತು ತಮ್ಮ ಪಕ್ಷದ ನಾಯಕರಾಗಿರಲಿಲ್ಲ ಎಂಬುದು ಗಮನಾರ್ಹ. ಆ ಸ್ಥಾನ ಅಕ್ಟೋಬರ್‌ವರೆಗೆ ಚೇಂಬರ್ಲೇನರಲ್ಲಿಯೇ ಉಳಿದಿತ್ತು.

ಈ ಸ್ಥಿತಿಯ ಅರ್ಥ ಮೇ 26ರಿಂದ 28ರವರೆಗಿನ ಮೂರು ದಿನಗಳಲ್ಲಿ ಸ್ಪಷ್ಟವಾಯಿತು. ಆ ಅವಧಿಯಲ್ಲಿ ಯುದ್ಧಸಂಪುಟ ಒಂಬತ್ತು ಬಾರಿ ಸಭೆ ಸೇರಿತು. ಇಟಲಿಯ ಮಧ್ಯಸ್ಥಿಕೆಯಲ್ಲಿ ಸಂಧಾನದ ಸಾಧ್ಯತೆಯನ್ನು ಅರಸಬೇಕೆಂಬುದು ವಿದೇಶಾಂಗ ಸಚಿವ ಹ್ಯಾಲಿಫ್ಯಾಕ್ಸರ ವಾದ. ಅವರು ರಾಜೀನಾಮೆ ಇತ್ತಿದ್ದರೆ ಸರ್ಕಾರವೇ ಉರುಳಬಹುದಿತ್ತು. ಚರ್ಚಿಲ್ ಆಜ್ಞೆ ಮಾಡಲಿಲ್ಲ, ಮತಕ್ಕೂ ಹಾಕಲಿಲ್ಲ. ಚರ್ಚೆಯನ್ನು ಮುಂದುವರಿಸಿದರು, ಲಿಬರಲ್ ನಾಯಕ ಸಿಂಕ್ಲೇರರನ್ನು ಸಭೆಗೆ ಕರೆದರು, 28ರ ಸಂಜೆ ಸಂಪುಟದ ಹೊರಗಿನ ಸಚಿವರನ್ನು ಸೇರಿಸಿ ಅವರ ಬೆಂಬಲ ಪಡೆದರು. ಅಟ್ಲಿ, ಗ್ರೀನ್‌ವುಡ್ ಮೊದಲಿನಿಂದಲೂ ಹೋರಾಟದ ಪರವಾಗಿದ್ದರು. ಚೇಂಬರ್ಲೇನರೂ ಕ್ರಮೇಣ ಆ ಕಡೆಗೆ ವಾಲಿದರು. ಹೀಗೆ ಒಮ್ಮತವನ್ನು ಕಟ್ಟುವುದೇ ಇಲ್ಲಿ ನಾಯಕತ್ವವಾಯಿತು.

ಮುಂದೆ ತಮ್ಮ ಯುದ್ಧಸ್ಮೃತಿಯಲ್ಲಿ ಚರ್ಚಿಲ್, ಏಕಾಂಗಿಯಾಗಿ ಹೋರಾಡಬೇಕೆ ಎಂಬ ಪ್ರಶ್ನೆ ಯುದ್ಧಸಂಪುಟದ ಕಾರ್ಯಸೂಚಿಯಲ್ಲಿ ಎಂದೂ ಬರಲಿಲ್ಲವೆಂದು ಬರೆದರು. 1970ರ ದಶಕದ ಆರಂಭದಲ್ಲಿ ಸಂಶೋಧಕರಿಗೆ ತೆರೆದ ಕಡತಗಳು ಬೇರೆಯದನ್ನೇ ಹೇಳಿದವು. ಕವಿಯ ಆತ್ಮಕಥನಕ್ಕಿಂತ ಹಸ್ತಪ್ರತಿಯ ಸಾಕ್ಷ್ಯವನ್ನು ನಂಬುವುದು ಪ್ರಾಚೀನ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ರೂಢಿ. ಆದರೆ ಹಸ್ತಪ್ರತಿಯಲ್ಲಿಯೂ ಲೋಪಗಳುಂಟು. 26ರ ಒಂದು ಚರ್ಚೆಯ ಆರಂಭದ ಭಾಗ, ಕಾರ್ಯದರ್ಶಿ ಹಾಜರಿಲ್ಲದ ಕಾರಣ, ನಡಾವಳಿಯಲ್ಲಿ ದಾಖಲಾಗಿಲ್ಲ.

ಸರ್ಕಾರ ಐದು ವರ್ಷ ಬಾಳಿದ್ದಕ್ಕೆ ಕಾರ್ಯವಿಭಜನೆಯೂ ಕಾರಣ. ಚರ್ಚಿಲ್ ರಕ್ಷಣಾ ಸಚಿವ ಸ್ಥಾನವನ್ನೂ ವಹಿಸಿಕೊಂಡು ಮೂರು ಸೇನೆಗಳ ಮುಖ್ಯಸ್ಥರೊಡನೆ ನೇರವಾಗಿ ವ್ಯವಹರಿಸಿದರು. ಆಂತರಿಕ ಆಡಳಿತದ ಹೆಚ್ಚಿನ ಭಾರ ಲಾರ್ಡ್ ಪ್ರೆಸಿಡೆಂಟರ ಸಮಿತಿಯ ಮೇಲಿತ್ತು. ಅದನ್ನು ಜಾನ್ ಆಂಡರ್ಸನ್, 1943ರಿಂದ ಅಟ್ಲಿ ನಡೆಸಿದರು. ಕಾರ್ಮಿಕ ನಾಯಕ ಬೆವಿನ್ 1940ರ ಅಕ್ಟೋಬರಿನಲ್ಲಿ ಯುದ್ಧಸಂಪುಟ ಸೇರಿದ್ದರಿಂದ ದುಡಿಯುವ ವರ್ಗದ ಧ್ವನಿಗೆ ಅಲ್ಲಿ ಬಲ ಬಂತು.

ಆದರೆ ಆ ಮೇಜಿನ ಬಳಿ ಇಲ್ಲದವರ ಗತಿಯೇನು? 1943ರ ಬಂಗಾಳದ ಕ್ಷಾಮ ಈ ಪ್ರಶ್ನೆಯನ್ನು ನಿಷ್ಠುರವಾಗಿ ಮುಂದಿಡುತ್ತದೆ. ಭಾರತಮಂತ್ರಿ ಏಮರಿ ಯುದ್ಧಸಂಪುಟದ ಸದಸ್ಯರಾಗಿರಲಿಲ್ಲ. ಕರೆದಾಗ ಬಂದು ಅಹವಾಲು ಹೇಳಬೇಕಾಗಿತ್ತು. ಭಾರತ ಸರ್ಕಾರ ಐದು ಲಕ್ಷ ಟನ್ ಧಾನ್ಯ ಕೇಳಿತ್ತು. ಆಗಸ್ಟ್ 4ರ ಸಭೆ, ಹಡಗುಗಳ ಕೊರತೆಯ ಕಾರಣ ನೀಡಿ, ಅದರ ಅಲ್ಪ ಭಾಗಕ್ಕೆ ಮಾತ್ರ ಒಪ್ಪಿತು. ಬರ್ಮಾದ ಪತನ, 1942ರ ಚಂಡಮಾರುತ, ಬೆಲೆಯೇರಿಕೆ, ಪ್ರಾಂತೀಯ ಆಡಳಿತದ ವೈಫಲ್ಯ ಇವೆಲ್ಲವೂ ಕ್ಷಾಮಕ್ಕೆ ಕಾರಣಗಳೇ. ಹೊಣೆಯ ಪ್ರಮಾಣದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಕ್ಷಾಮ ವಿಚಾರಣಾ ಆಯೋಗ ಸತ್ತವರ ಸಂಖ್ಯೆಯನ್ನು ಸುಮಾರು 15 ಲಕ್ಷವೆಂದು ಅಂದಾಜಿಸಿತು. ಅನಂತರದ ಅಂದಾಜುಗಳು 30 ಲಕ್ಷವನ್ನು ಮುಟ್ಟುತ್ತವೆ. ಪಕ್ಷಗಳು ಪರಸ್ಪರರ ಮೇಲೆ ಕಣ್ಣಿಡುವ ಸಮ್ಮಿಶ್ರ ಸರ್ಕಾರದಲ್ಲಿಯೂ ಈ ಮರಣಗಳು ಸಂಪುಟದ ಸಮತೋಲವನ್ನು ಕದಲಿಸಲಿಲ್ಲ. ಸತ್ತವರು ಯಾವ ಪಕ್ಷದ ಮತದಾರರೂ ಆಗಿರಲಿಲ್ಲ.

ಹೆಸರಿಗೆ ಭಾರತಕ್ಕೂ ಪ್ರಾತಿನಿಧ್ಯವಿತ್ತು. 1942ರಲ್ಲಿ ನವಾನಗರದ ಜಾಮ್ ಸಾಹೇಬರೊಡನೆ ಎ. ರಾಮಸ್ವಾಮಿ ಮೊದಲಿಯಾರರು ಯುದ್ಧಸಂಪುಟಕ್ಕೆ ಭಾರತದ ಪ್ರತಿನಿಧಿಯಾಗಿ ನೇಮಕಗೊಂಡರು. ಅವರು ಸರ್ಕಾರದಿಂದ ನಾಮಕರಣಗೊಂಡವರು, ಜನರಿಂದ ಚುನಾಯಿತರಲ್ಲ. ಇದೇ ಮೊದಲಿಯಾರರು 1946ರಲ್ಲಿ ಮೈಸೂರಿನ ದಿವಾನರಾದರು. 1947ರಲ್ಲಿ ಅವರ ಆಡಳಿತಕ್ಕೆ ಎದುರಾಗಿ ನಡೆದ ‘ಮೈಸೂರು ಚಲೋ’ ಚಳವಳಿ ಕೇಳಿದ್ದು ಜವಾಬ್ದಾರಿ ಸರ್ಕಾರವನ್ನು, ಎಂದರೆ ನಿರ್ಣಯದ ಮೇಜಿನ ಬಳಿ ಜನರ ಸ್ಥಾನವನ್ನು.

ಚಿಕ್ಕ ಸಂಪುಟ, ಸ್ಪಷ್ಟ ಕಾರ್ಯವಿಭಜನೆ, ಭಿನ್ನಮತವನ್ನು ಸಹಿಸುವ ನಾಯಕ: ಈ ಮೂರರಿಂದ ಬ್ರಿಟನ್ನಿನ ಸಮ್ಮಿಶ್ರ ಸರ್ಕಾರ ತನ್ನ ಜನರನ್ನು ಕಾಯಿತು. ‘ತನ್ನ ಜನ’ ಯಾರೆಂಬುದನ್ನು ಮಾತ್ರ ಅದರ ರಚನೆಯೇ ಮೊದಲು ನಿರ್ಧರಿಸಿಬಿಟ್ಟಿತ್ತು. ಆದ್ದರಿಂದ ಇಂಥ ಸರ್ಕಾರಗಳ ಅಧ್ಯಯನದಲ್ಲಿ ನಾಯಕನ ಭಾಷಣಗಳಿಗೆ ಮುನ್ನ ಸಭೆಯ ಹಾಜರಿಪಟ್ಟಿಯನ್ನು ಓದುವುದು ಯುಕ್ತವೆಂದು ನಮ್ಮ ಭಾವನೆ.